ಸೌತಾಲ್‌ನ ಸೊಂಟದಳತೆ: ಲೈಂಗಿಕ ಹಾರ್ಮೋನು, ಕೊಬ್ಬು, ರಕ್ತದ ಸಕ್ಕರೆ

ಪಶ್ಚಿಮ ಲಂಡನ್ನಿನಲ್ಲಿ 40ರಿಂದ 69 ವರ್ಷದವರನ್ನು ಪರೀಕ್ಷಿಸಿದ ಪಾಲ್ ಮೆಕೀಗ್ ಮತ್ತು ಸಂಗಡಿಗರು 1991ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಕೊಟ್ಟ ಲೆಕ್ಕ ಇದು: ಮಧುಮೇಹ ಯುರೋಪಿಯನ್ನರಲ್ಲಿ ಶೇ. 4, ದಕ್ಷಿಣ ಏಷ್ಯಾ ಮೂಲದವರಲ್ಲಿ ಶೇ. 19. ಹೊಟ್ಟೆಯ ಸುತ್ತಲ ಬೊಜ್ಜು, ಇನ್ಸುಲಿನ್ನಿಗೆ ಮೈ ಮಣಿಯದಿರುವುದು, ಇವೆರಡೂ ಆ ಅಂತರದ ಜೊತೆಗಿದ್ದವು. ಲಂಡನ್ನಿನದೇ ಭಾಗಗಳಾದ ಸೌತಾಲ್ ಮತ್ತು ಬ್ರೆಂಟ್‌ನ ಜನರನ್ನು ಸುಮಾರು ಇಪ್ಪತ್ತು ವರ್ಷ ಅನುಸರಿಸಿದ ‘ಸೇಬರ್’ ಅಧ್ಯಯನ 2013ರಲ್ಲಿ ಇನ್ನೊಂದು ಸಂಗತಿ ಹೊರಗೆಡಹಿತು. ಭಾರತೀಯ ಮೂಲದ ಹೆಂಗಸರ ಹೆಚ್ಚುವರಿ ಅಪಾಯವನ್ನು ಈ ಎರಡು ಕಾರಣಗಳೇ ವಿವರಿಸಿದವು. ಗಂಡಸರಲ್ಲಿ ಲೆಕ್ಕ ಪೂರ್ತಿ ತಾಳೆಯಾಗಲಿಲ್ಲ.

ಹೆಣ್ಣು-ಗಂಡಿನ ಈ ವ್ಯತ್ಯಾಸದ ಚರ್ಚೆಯಲ್ಲಿ ಲೈಂಗಿಕ ಹಾರ್ಮೋನುಗಳನ್ನು ಬದಿಗಿಡುವಂತಿಲ್ಲ. ಈಸ್ಟ್ರೋಜನ್ ಕೊಬ್ಬನ್ನು ತೊಡೆ, ನಿತಂಬಗಳತ್ತ ಸೆಳೆಯುತ್ತದೆ. ಮುಟ್ಟು ನಿಂತ ಮೇಲೆ ಕೊಬ್ಬು ಹೊಟ್ಟೆಗೆ ಸರಿಯುತ್ತದೆ. ಟೆಸ್ಟೋಸ್ಟಿರೋನ್‌ನದು ಎರಡು ಮುಖ: ಗಂಡಸಿನಲ್ಲಿ ಕಡಿಮೆಯಾದರೆ, ಹೆಂಗಸಿನಲ್ಲಿ ಹೆಚ್ಚಾದರೆ ಮಧುಮೇಹದ ಸಂಭವ ಏರುತ್ತದೆ. ಆದರೆ ಹಾರ್ಮೋನೇ ಮೂಲ ಅಪರಾಧಿ ಎಂದು ತೀರ್ಮಾನಿಸುವುದು ಆತುರ. ರಕ್ತದಲ್ಲಿ ಇನ್ಸುಲಿನ್ ಏರಿದಾಗ ಅಂಡಾಶಯ ಹೆಚ್ಚು ಆಂಡ್ರೋಜನ್ (ಟೆಸ್ಟೋಸ್ಟಿರೋನ್ ಬಗೆಯ ಹಾರ್ಮೋನು) ತಯಾರಿಸುತ್ತದೆ. ಲೈಂಗಿಕ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುತ್ತದೆ. ಗಂಡಸಿನ ಬೊಜ್ಜಿನಲ್ಲಿರುವ ಅರೊಮಟೇಸ್ ಕಿಣ್ವ ಟೆಸ್ಟೋಸ್ಟಿರೋನನ್ನು ಈಸ್ಟ್ರೋಜನ್ ಆಗಿಸುತ್ತದೆ. ತೂಕ ಇಳಿದರೆ ಟೆಸ್ಟೋಸ್ಟಿರೋನ್ ಮತ್ತೆ ಏರುವುದೂ ಉಂಟು. ಕಾರಣವೇ ಪರಿಣಾಮವಾಗಿ, ಪರಿಣಾಮವೇ ಕಾರಣವಾಗಿ ಸುತ್ತುವ ವರ್ತುಲವಿದು.

ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ರೋಡಿನ್, ನಸ್ಸಿ ಮೊದಲಾದವರ 1998ರ ವರದಿ ಇಲ್ಲಿ ಮುಖ್ಯ. ಭಾರತ ಉಪಖಂಡ ಮೂಲದ 212 ಹೆಂಗಸರಲ್ಲಿ 110 ಮಂದಿಯ, ಅಂದರೆ ಶೇ. 52ರಷ್ಟು ಜನರ, ಅಂಡಾಶಯದಲ್ಲಿ ನೀರುಗುಳ್ಳೆಗಳು ಕಂಡವು. ಅವರಲ್ಲಿ ಇನ್ಸುಲಿನ್ ಸಂವೇದನೆಯೂ ಕುಗ್ಗಿತ್ತು. ಸ್ಕ್ಯಾನಿನಲ್ಲಿ ಗುಳ್ಳೆ ಕಂಡ ಮಾತ್ರಕ್ಕೆ ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಎನ್ನಲಾಗದು, ನಿಜ. ಆದರೂ ಮುಟ್ಟಿನ ಏರುಪೇರನ್ನು ಸ್ತ್ರೀರೋಗ ವಿಭಾಗಕ್ಕೂ ಸಕ್ಕರೆಯನ್ನು ಮಧುಮೇಹ ವಿಭಾಗಕ್ಕೂ ಹಂಚಿಬಿಡುವ ಪದ್ಧತಿ ಎಷ್ಟು ಕೃತಕವೆಂಬುದು ಈ ವರದಿಯಿಂದ ಗೊತ್ತಾಗುತ್ತದೆ.

ಸೌತಾಲ್‌ನವರಲ್ಲಿ ಪಂಜಾಬಿಗಳೇ ಹೆಚ್ಚು; ಅಲ್ಲಿನ ಅಂಕಿಗಳನ್ನು ಲಂಡನ್ ಕನ್ನಡಿಗರಿಗೆ ಹಾಗೆಯೇ ಅಂಟಿಸಲಾಗದು. ಆದರೆ ಬ್ರಿಟನ್ನಿನಲ್ಲಿ ಆರೋಗ್ಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2013ರಲ್ಲೇ ದಕ್ಷಿಣ ಏಷ್ಯಾ ಮೂಲದವರೆಲ್ಲರಿಗೂ ಬಿಎಂಐ ಎಚ್ಚರಿಕೆಯ ಗೆರೆಯನ್ನು 25ರ ಬದಲು 23ಕ್ಕೆ ಇಳಿಸಿದೆ. ಮುಟ್ಟು ಏರುಪೇರಾಗಿರುವ ಕನ್ನಡತಿ ತೆಳ್ಳಗಿದ್ದರೂ ವೈದ್ಯರಲ್ಲಿ ಸಕ್ಕರೆ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಲಿ.