ಸೂರ್ಯನ ಆಘಾತ ಅಲೆ: ಬರುವ ವೇಳೆ ಎಣಿಸಿದವರ ಕಥೆ

1859ರ ಸೆಪ್ಟೆಂಬರ್ 1ರ ಬೆಳಗ್ಗೆ ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಎಂದಿನಂತೆ ಸೂರ್ಯನ ಕಲೆಗಳ ಚಿತ್ರ ಬರೆದುಕೊಳ್ಳುತ್ತಿದ್ದರು. ಇದ್ದಕ್ಕಿದ್ದಂತೆ ಕಲೆಗಳ ಗುಂಪಿನ ಮೇಲೆ ಕಣ್ಣು ಕೋರೈಸುವ ಬಿಳಿ ಬೆಳಕು ಹೊಳೆದು, ಸುಮಾರು ಐದು ನಿಮಿಷದಲ್ಲಿ ಮಾಯವಾಯಿತು. ಹದಿನೇಳೂವರೆ ಗಂಟೆಗಳ ನಂತರ ಭೂಮಿಯ ಕಾಂತಕ್ಷೇತ್ರವೇ ಅಲ್ಲಾಡಿತು. ದೂರದೇಶಗಳ ತಂತಿ ಕಚೇರಿಗಳ ಕೆಲಸ ಏರುಪೇರಾಯಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲೂ ಅದು ದಾಖಲಾಯಿತು. ಸೂರ್ಯ ನಮ್ಮಿಂದ 15 ಕೋಟಿ ಕಿ.ಮೀ. ದೂರ. ಭಾಗಿಸಿ ನೋಡಿದರೆ ವೇಗ ಸೆಕೆಂಡಿಗೆ ಸುಮಾರು 2,400 ಕಿ.ಮೀ.!

ಸೂರ್ಯನಿಂದ ಸದಾ ಬೀಸುವ ಸೌರಮಾರುತದ ವೇಗ ಸೆಕೆಂಡಿಗೆ ಸುಮಾರು 400 ಕಿ.ಮೀ. ಸ್ಫೋಟದಲ್ಲಿ ಸಿಡಿದ ದ್ರವ್ಯ ಇದನ್ನು ಹಿಂದಿನಿಂದ ನುಗ್ಗಿ ತಳ್ಳುವಾಗ ಮುಂದುಗಡೆ ಆಘಾತ ಅಲೆ ಏಳುತ್ತದೆ. ಮಾರುತದ ಅಡ್ಡಿಯಿಂದ ಅದರ ವೇಗ ದಾರಿಯಲ್ಲೇ ತಗ್ಗುತ್ತದೆ. ಹೀಗಾಗಿ ಬರುವ ವೇಳೆ ಹೇಳುವುದು ಬರೀ ಭಾಗಾಕಾರದ ಲೆಕ್ಕವಲ್ಲ.

1972ರ ಆಗಸ್ಟ್ 4ರಂದು ಇದು ಮತ್ತೆ ಸ್ಪಷ್ಟವಾಯಿತು. ಆ ದಿನದ ಅಲೆ ಹದಿನೈದು ಗಂಟೆಯೊಳಗೆ ಭೂಮಿ ತಲುಪಿತು. ಹಿಂದಿನ ದಿನಗಳ ಸ್ಫೋಟಗಳು ಅದಕ್ಕೆ ದಾರಿ ತೆರವು ಮಾಡಿದ್ದವು. ವಿಯೆಟ್ನಾಂ ಕಡಲಲ್ಲಿ ಅಮೆರಿಕ ಇರಿಸಿದ್ದ ಕಾಂತೀಯ ಸಿಡಿಗುಂಡುಗಳು ತಾವಾಗಿಯೇ ಸಿಡಿದವು. 1989ರ ಮಾರ್ಚ್‌ನಲ್ಲಿ ಇಂಥದೇ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತ್ಯ ಒಂಬತ್ತು ಗಂಟೆ ಕತ್ತಲಲ್ಲಿ ಮುಳುಗಿತು.

ವೇಗ ಅಳೆಯಲು ರೇಡಿಯೋ ನೆರವಾಯಿತು. ಆಘಾತ ಅಲೆ ಸೂರ್ಯನಿಂದ ದೂರ ಸರಿದಂತೆ ವಾತಾವರಣ ವಿರಳವಾಗಿ, ಅದರಿಂದ ಹೊಮ್ಮುವ ರೇಡಿಯೋ ಸಂಕೇತದ ಆವರ್ತನ ಇಳಿಯುತ್ತಾ ಹೋಗುತ್ತದೆ. ಇಳಿಕೆ ಎಷ್ಟು ಬೇಗವೋ ಅಲೆ ಅಷ್ಟು ವೇಗ. ನಮ್ಮ ನಾಡಿನ ಗೌರಿಬಿದನೂರಿನ ರೇಡಿಯೋ ದೂರದರ್ಶಕಗಳೂ ಇಂಥ ಸಂಕೇತಗಳನ್ನು ಆಲಿಸುತ್ತಿವೆ ಎಂಬುದು ಹೆಮ್ಮೆಯ ಸಂಗತಿ.

2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ಈಗ 15 ಲಕ್ಷ ಕಿ.ಮೀ. ದೂರದಲ್ಲಿ ಕಾವಲಿದೆ. ಸೂರ್ಯನ ಪ್ರಭಾವಲಯ ನೋಡುವ ಅದರ ಮುಖ್ಯ ಉಪಕರಣವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಸಿದ್ಧಪಡಿಸಿತು. ಆದರೆ ಸೆಕೆಂಡಿಗೆ 500 ಕಿ.ಮೀ. ವೇಗದ ಅಲೆ ಅಲ್ಲಿಂದ ನಮ್ಮನ್ನು ಮುಟ್ಟಲು ಐವತ್ತೇ ನಿಮಿಷ ಸಾಕು. ಸ್ಫೋಟವಾದಾಗಲೇ ವೇಳೆ ಹೇಳಹೊರಟರೆ ಇಂದಿಗೂ ಹತ್ತು ಗಂಟೆಗಳಷ್ಟು ಹೆಚ್ಚುಕಡಿಮೆ ಆಗುವುದು ಸಾಮಾನ್ಯ.

ವಿದ್ಯುತ್ ಜಾಲ, ಉಪಗ್ರಹ, ವಿಮಾನಗಳ ಸಂಪರ್ಕ ಎಲ್ಲವೂ ಈ ಗಂಟೆಗಳನ್ನೇ ನೆಚ್ಚಿವೆ. ಕ್ಯಾರಿಂಗ್ಟನ್ ಬಳಿ ಇದ್ದದ್ದು ದೂರದರ್ಶಕ, ಗಡಿಯಾರ ಮತ್ತು ದಿನವೂ ತಪ್ಪದೆ ನೋಡುವ ಅಭ್ಯಾಸ. ಉಳಿದ ಲೆಕ್ಕ ಬಿಡಿಸಲು ನಮ್ಮ ಶಾಲೆಯ ಬೆಂಚಿನಿಂದಲೂ ಒಬ್ಬರು ಏಳಲಿ ಎಂಬುದೇ ಈ ಸುವರ್ಣ ಮಹೋತ್ಸವದ ಹಾರೈಕೆ.