ಅರಭಾವಿ ಆರಿಸಿದ್ದು ಯಾರನ್ನ?

ಗೋಕಾಕ ಅಂದ ಕೂಡಲೇ ಬೆಂಗಳೂರಿನ ಗೆಳೆಯರಿಗೆ ಕರದಂಟು ನೆನಪಾಗ್ತದೆ, ಜಲಪಾತ ನೆನಪಾಗ್ತದೆ. ಸ್ವಲ್ಪ ಹಿರಿಯರಿಗೆ ಗೋಕಾಕ ಚಳವಳಿ. (ಆ ಚಳವಳಿಗೆ ಹೆಸರು ಬಂದದ್ದು ವಿ.ಕೃ. ಗೋಕಾಕರ ವರದಿಯಿಂದ, ಊರಿನಿಂದ ಅಲ್ಲ. ಎಷ್ಟು ಜನಕ್ಕೆ ಹೇಳಿದ್ರೂ ಮುಗಿಯೋದಿಲ್ಲ.) ಅದೇ ಪಕ್ಕದ ಅರಭಾವಿ ಅಂದ್ರೆ ಮಾತ್ರ ‘ಅದೆಲ್ಲಿ ಬರ್ತದೆ?’ ಅಂತಾರೆ. ತಮಾಷೆ ಏನಂದ್ರೆ, ಪಕ್ಷಾಂತರ ನಿಷೇಧ ಕಾಯ್ದೆ ಓದಿದ ವಕೀಲರಿಗೆಲ್ಲ ಅರಭಾವಿ ಶಾಸಕರ ಹೆಸರು ಗೊತ್ತು. ‘ಬಾಲಚಂದ್ರ ಜಾರಕಿಹೊಳಿ ವಿರುದ್ಧ ಬಿ.ಎಸ್. ಯಡಿಯೂರಪ್ಪ’ ಅನ್ನೋ ಸುಪ್ರೀಂ ಕೋರ್ಟ್ ತೀರ್ಪನ್ನ ಓದದೆ ಆ ಪಾಠ ಮುಗಿಯೋದಿಲ್ಲ.

ಮೊದಲು ನಕಾಶೆ ನೋಡೋಣ. ಬೆಳಗಾವಿ ಜಿಲ್ಲೆಯಲ್ಲಿ 18 ವಿಧಾನಸಭಾ ಕ್ಷೇತ್ರ ಇದಾವೆ. ಗೋಕಾಕಕ್ಕೆ ಒಂದು, ಹುಕ್ಕೇರಿಗೆ ಒಂದು ಕ್ಷೇತ್ರ ಇದೆ. ಅರಭಾವಿ ಹೆಸರಿನ ತಾಲೂಕೇ ಇಲ್ಲ, ಕ್ಷೇತ್ರ ಮಾತ್ರ ಇದೆ. ಗೋಕಾಕ, ಮೂಡಲಗಿ ತಾಲೂಕುಗಳ ಊರುಗಳನ್ನ ಸೇರಿಸಿ ಹೊಲಿದ ಕೌದಿ ಇದು. ಮೂಡಲಗಿ ತಾಲೂಕಾಗಿದ್ದೂ ಇತ್ತೀಚೆಗೆ, ಅದಕ್ಕೂ ಜನ ಬೀದಿಗಿಳೀಬೇಕಾಯ್ತು. ಈ ಕೌದಿಗೆ ದಾರ ಯಾವುದು ಅಂದ್ರೆ ಘಟಪ್ರಭಾ ನೀರು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ 51 ಟಿಎಂಸಿ ನಿಲ್ತದೆ, ಧೂಪದಾಳದ ಹತ್ತಿರ ಕಾಲುವೆಗೆ ತಿರುಗ್ತದೆ, ಕೆಳಗಿನ ಊರುಗಳಲ್ಲಿ ಕಬ್ಬಾಗ್ತದೆ. ನೀರು ಯಾವಾಗ ಬಿಡ್ತಾರೆ, ಕಬ್ಬಿನ ಬಿಲ್ಲು ಯಾವಾಗ ಬರ್ತದೆ, ಸುಟ್ಟ ಟಿಸಿ ಯಾವಾಗ ಬದಲಾಗ್ತದೆ. ಈ ಮೂರು ಪ್ರಶ್ನೆ ಹಿಡಿದು ಇಲ್ಲಿಯ ರೈತ ಪಕ್ಷದ ಆಫೀಸಿಗೆ ಹೋಗೋದಿಲ್ಲ. ಶಾಸಕರ ಮನೆಗೆ ಹೋಗ್ತಾನೆ.

1956ರ ತನಕ ಇದೆಲ್ಲ ಮುಂಬೈ ರಾಜ್ಯ. ಏಕೀಕರಣದ ನಂತರದ ದಶಕಗಳಲ್ಲಿ ಅರಭಾವಿ ಅಂದ್ರೆ ವಿ.ಎಸ್. ಕೌಜಲಗಿ. ಹಲವು ಸಲ ಗೆದ್ದವರು, ಸಚಿವರೂ ಆಗಿದ್ದವರು. 2004ರಲ್ಲಿ ಬಾಲಚಂದ್ರ ಜಾರಕಿಹೊಳಿ ಜೆಡಿಎಸ್‌ನಿಂದ ಗೆದ್ದರು. ಅಣ್ಣ ರಮೇಶ 1999ರಲ್ಲೇ ಕಾಂಗ್ರೆಸ್ಸಿನಿಂದ ಗೋಕಾಕ ಗೆದ್ದಿದ್ದರು. ಗೋಕಾಕ ಆಗ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ. ಅರಭಾವಿ ಹಾಗಲ್ಲ, ಸಾಮಾನ್ಯ ಕ್ಷೇತ್ರ. ಲಿಂಗಾಯತರು, ಕುರುಬರು ದೊಡ್ಡ ಸಂಖ್ಯೆಯಲ್ಲಿರೋ ಕಡೆ ವಾಲ್ಮೀಕಿ ನಾಯಕ ಸಮುದಾಯದ ಒಬ್ಬರು ಗೆದ್ದರು, ಗೆಲ್ತಾನೇ ಇದಾರೆ. ಟಿವಿಯವರ ಜಾತಿ ಲೆಕ್ಕಾಚಾರ ಇಲ್ಲಿ ಕೆಲಸ ಮಾಡೋದಿಲ್ಲ ಅಂತ ನನಗೆ ಅನ್ನಿಸೋದು ಇದಕ್ಕೇ.

ಈಗ 2008ಕ್ಕೆ ಬರೋಣ. ಮೇ ತಿಂಗಳ ಚುನಾವಣೆಯಲ್ಲಿ ಬಿಜೆಪಿಗೆ 224ರಲ್ಲಿ 110 ಸೀಟು ಬಂತು, ಬಹುಮತಕ್ಕೆ ಮೂರು ಕಡಿಮೆ. ಅರಭಾವಿಯಲ್ಲಿ ಗೆದ್ದದ್ದು ಜೆಡಿಎಸ್‌ನ ಬಾಲಚಂದ್ರ, ಹುಕ್ಕೇರಿಯಲ್ಲಿ ಜೆಡಿಎಸ್‌ನ ಉಮೇಶ ಕತ್ತಿ. ಕೆಲವೇ ವಾರಗಳಲ್ಲಿ ಇಬ್ಬರೂ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ‘ಆಪರೇಷನ್ ಕಮಲ’ ಅನ್ನೋ ಮಾತು ಹುಟ್ಟಿದ್ದು ಆಗಲೇ. ಸಂವಿಧಾನದ ಹತ್ತನೇ ಅನುಸೂಚಿ ಬಂದದ್ದು 1985ರಲ್ಲಿ. ಪಕ್ಷ ಬಿಟ್ಟರೆ ಸದಸ್ಯತ್ವ ಹೋಗ್ತದೆ ಅಂತದೆ ಅದು. ಆದರೆ ತಾನಾಗೇ ರಾಜೀನಾಮೆ ಕೊಟ್ಟು ಮತ್ತೆ ಚುನಾವಣೆಗೆ ನಿಂತರೆ? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಬಗ್ ಅಲ್ಲ, ಯಾರೂ ಬರೆಯದೇ ಬಿಟ್ಟ ಟೆಸ್ಟ್ ಕೇಸ್. ಡಿಸೆಂಬರಿನಲ್ಲಿ ಎಂಟು ಕಡೆ ಉಪಚುನಾವಣೆ ಆಯ್ತು. ಬಿಜೆಪಿ ಐದು ಗೆದ್ದಿತು, ಜೆಡಿಎಸ್ ಮೂರು. ಆ ಐದರಲ್ಲಿ ಅರಭಾವಿ, ಹುಕ್ಕೇರಿ ಎರಡೂ ಇದ್ದವು. ಅಂದ್ರೆ ಒಂದೇ ವರ್ಷದಲ್ಲಿ ಅದೇ ಊರುಗಳು ಅದೇ ಮನುಷ್ಯನನ್ನ ಮೊದಲು ತೆನೆ ಹೊತ್ತ ಮಹಿಳೆಯ ಗುರುತಿನಲ್ಲಿ, ಆಮೇಲೆ ಕಮಲದ ಗುರುತಿನಲ್ಲಿ ಆರಿಸಿದವು.

ಇದನ್ನ ನೋಡಿ ಬೆಂಗಳೂರಿನಲ್ಲಿ ‘ಹಳ್ಳಿಯವರಿಗೆ ಏನೂ ತಿಳಿಯಲ್ಲ’ ಅನ್ನೋರು ಇದ್ದರು. ನನಗೆ ಸಿಟ್ಟು ಬರೋದು ಇಲ್ಲೇ. ಜನ ಚಿಹ್ನೆ ನೋಡಿರಲಿಲ್ಲ, ಮನುಷ್ಯನನ್ನ ನೋಡಿದ್ದರು. ನಮ್ಮ ಕಡೆ ಜಾರಕಿಹೊಳಿಯವರಿಗೆ ‘ಸಾಹುಕಾರ್’ ಅಂತಾರೆ. ಆ ಶಬ್ದದಲ್ಲಿ ಪಕ್ಷಕ್ಕೆ ಜಾಗವೇ ಇಲ್ಲ ನೋಡ್ರಿ.

2010ರ ಅಕ್ಟೋಬರ್ ಕಥೆ ಇನ್ನೂ ಬಿಗಿ. ಬಿಜೆಪಿಯ 11 ಶಾಸಕರು, ಬಾಲಚಂದ್ರ ಸೇರಿ, ಯಡಿಯೂರಪ್ಪನವರಿಗೆ ಕೊಟ್ಟ ಬೆಂಬಲ ವಾಪಸ್ ಅಂತ ರಾಜ್ಯಪಾಲರಿಗೆ ಪತ್ರ ಕೊಟ್ಟರು. 11ನೇ ತಾರೀಖು ವಿಶ್ವಾಸಮತ. ದೂರು ಕೊಟ್ಟವರು ಖುದ್ದು ಮುಖ್ಯಮಂತ್ರಿ. ಸ್ಪೀಕರ್ ಕೆ.ಜಿ. ಬೋಪಯ್ಯ 7ಕ್ಕೆ ನೋಟಿಸ್ ಕೊಟ್ಟು, 10ರ ಸಂಜೆಯೊಳಗೆ ಉತ್ತರ ಕೇಳಿ, ಅಂದೇ ಅನರ್ಹ ಮಾಡಿದರು. ಮರುದಿನ ವಿಶ್ವಾಸಮತಕ್ಕೆ ಅವರಿರಲಿಲ್ಲ, ಅವರನ್ನ ಆರಿಸಿದ ಊರುಗಳೂ ಇರಲಿಲ್ಲ. 13 ಮೇ 2011ರಂದು ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಮುಖ್ಯಮಂತ್ರಿ ಬೇಡ ಅನ್ನೋದು ಪಕ್ಷ ಬಿಟ್ಟ ಹಾಗಲ್ಲ, ಸ್ಪೀಕರ್ ಅವಸರ ಮಾಡಿದ್ದು ತಪ್ಪು ಅನ್ನೋದು ತೀರ್ಪಿನ ಸಾರ. ಅದಾದ ಮೇಲೆ ಬಾಲಚಂದ್ರ ಮತ್ತೆ ಸಚಿವರೂ ಆದರು.

ಮುಂದೆ 2019ರಲ್ಲಿ ಇದರ ಎರಡನೇ ಭಾಗ. ಗೋಕಾಕದ ರಮೇಶ ಜಾರಕಿಹೊಳಿ ಸೇರಿ 17 ಜನ ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿದು, ಚುನಾವಣೆಗೆ ನಿಲ್ಲೋದನ್ನ ಮಾತ್ರ ತಡೆಯಬೇಡಿ ಅಂತು. ಆ ತೀರ್ಪಿಗೂ ನಮ್ಮ ಜಿಲ್ಲೆಯ ಶಾಸಕರದ್ದೇ ಹೆಸರು, ಕಾಗವಾಡದ ಶ್ರೀಮಂತ ಪಾಟೀಲ. ತಾರೀಖೂ 13, ನವೆಂಬರ್ 13! ಡಿಸೆಂಬರಿನಲ್ಲಿ ರಮೇಶ ಬಿಜೆಪಿಯಿಂದ ನಿಂತು ಕಾಂಗ್ರೆಸ್ಸಿನ ಲಖನ್‌ರನ್ನ ಸೋಲಿಸಿದರು. ಲಖನ್ ಅವರ ಸ್ವಂತ ತಮ್ಮ. ಇನ್ನೊಬ್ಬ ತಮ್ಮ ಸತೀಶ ಯಮಕನಮರಡಿಯ ಕಾಂಗ್ರೆಸ್ ಶಾಸಕ. ಬಾಲಚಂದ್ರ ಆ ವರ್ಷವೇ ಕೆಎಂಎಫ್ ಅಧ್ಯಕ್ಷರಾದರು. 2023ರ ನಂದಿನಿ–ಅಮುಲ್ ಗಲಾಟೆಯಲ್ಲಿ ನೀವು ಟ್ವೀಟ್ ಮಾಡಿದ್ದು ನೆನಪಿದ್ದರೆ, ಆಗ ನಂದಿನಿಯ ಕುರ್ಚಿಯಲ್ಲಿದ್ದದ್ದು ಅರಭಾವಿ.

ಮತದಾರರ ಪರ ಇಷ್ಟು ಮಾತಾಡಿದ ಮೇಲೆ ಒಂದು ತಕರಾರನ್ನೂ ಹೇಳಲೇಬೇಕು. ಮನುಷ್ಯನಿಗೆ ವೋಟು ಹಾಕಿದರೆ ಕೆಲಸ ಆಗ್ತದೆ, ಖರೆ. ಆದರೆ ಆ ಮನೆಗೆ ಹೋಗಲಾಗದವನ ಟಿಸಿ ಯಾರು ಬದಲಾಯಿಸಬೇಕು? ಪಕ್ಷ ಗಟ್ಟಿ ಇದ್ದಲ್ಲಿ ಸೋತವನ ಮನೆಯೂ ಒಂದು ಬಾಗಿಲು. ಉಪಚುನಾವಣೆ ಸೇರಿ ಒಬ್ಬರೇ ಆರು ಸಲ ಗೆದ್ದ ಕ್ಷೇತ್ರದಲ್ಲಿ ಆ ಎರಡನೇ ಬಾಗಿಲು ಗಟ್ಟಿಯಾಗಿ ನಿಂತಿಲ್ಲ. ಇದು ಗೆದ್ದವರ ತಪ್ಪು ಅಂತ ನಾನು ಹೇಳೋದಿಲ್ಲ. ಕಾಂಗ್ರೆಸ್, ಜೆಡಿಎಸ್ ಎರಡೂ ಇಲ್ಲಿ ಊರೂರಿಗೆ ಕಾರ್ಯಕರ್ತರನ್ನ ಬೆಳೆಸೋ ಬದಲು ಚುನಾವಣೆಗೊಮ್ಮೆ ಅಭ್ಯರ್ಥಿ ಹುಡುಕಿದವು.

ಕ್ಷೇತ್ರಗಳ ಗಡಿ ಈಗ ಕಾನೂನಿನಿಂದ ಕಟ್ಟಿಹಾಕಿದ ಸ್ಥಿತಿಯಲ್ಲಿದೆ, 2026ರ ನಂತರದ ಜನಗಣತಿಯ ಮೇಲೆ ಮತ್ತೆ ಬಿಡಿಸ್ತಾರೆ. ಆಗ ಮೂಡಲಗಿ ಹೆಸರಿನಲ್ಲೇ ಕ್ಷೇತ್ರ ಬೇಕು ಅಂತ ಕೂಗು ಎದ್ದರೆ ಆಶ್ಚರ್ಯ ಇಲ್ಲ.   ಹುಕ್ಕೇರಿಗೂ ಅರಭಾವಿಗೂ ಎಂಎಲ್‌ಎ ಮಾತ್ರ ಅಲ್ಲ, ಎಂಪಿ ಕೂಡ ಬೇರೆ. ಹುಕ್ಕೇರಿ ಕ್ಷೇತ್ರ ಚಿಕ್ಕೋಡಿ ಲೋಕಸಭೆಗೆ ಸೇರ್ತದೆ, ಅರಭಾವಿ ಬೆಳಗಾವಿಗೆ.