ತಂದೆಯ ಅಧಿಕಾರ ಮತ್ತು ಅಪ್ರಾಪ್ತವಯಸ್ಕರ ಬಿಡುಗಡೆ: ಹಾಸನ ಸೀಮೆಯನ್ನು ಕುರಿತ ಒಂದು ವಿವೇಚನೆ

ಪ್ರಾಪ್ತವಯಸ್ಸಿಗೆ ಮೊದಲೇ ಮಕ್ಕಳು ತಂದೆತಾಯಿಗಳ ಅಧಿಕಾರದಿಂದ ನ್ಯಾಯಸಮ್ಮತವಾಗಿ ಹೊರಬರುವ ಪದ್ಧತಿ ಕೆಲವು ದೇಶಗಳಲ್ಲುಂಟು. ಪ್ರಾಚೀನ ರೋಮಿನಲ್ಲಿ ತಂದೆಯೇ ಮಗನನ್ನು ವಿಧಿಪೂರ್ವಕವಾಗಿ ಬಿಡುಗಡೆ ಮಾಡುತ್ತಿದ್ದನು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 14 ವರ್ಷ ತುಂಬಿದವರು ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ನಮ್ಮ ದೇಶದಲ್ಲಿ ಇಂಥ ವಿಧಿಯಿಲ್ಲ. ಹಾಗಾದರೆ ತಂದೆಯ ಅಧಿಕಾರಕ್ಕೆ ನಮ್ಮಲ್ಲಿ ಮಿತಿ ಯಾವುದು? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸಬಯಸುತ್ತೇವೆ.

ಸುಮಾರು 1600ರಲ್ಲಿ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪನಾಯಕನು ದೇವರ ವರದಿಂದ ಹುಟ್ಟಿದ ತನ್ನ ಮಗನಿಗೆ ಒಂದು ಊರನ್ನು ಜಹಗೀರಾಗಿ ಕೊಟ್ಟನೆಂದೂ, ಅದೇ ಚನ್ನರಾಯಪಟ್ಟಣವೆಂದೂ ಪ್ರತೀತಿ. ಇಲ್ಲಿ ಮಗನು ಬೇರೆ ಒಡೆಯನಾದದ್ದು ತಂದೆಯ ಅನುಗ್ರಹದಿಂದ. ಧರ್ಮಶಾಸ್ತ್ರವಾದರೋ ಇದನ್ನು ಅನುಗ್ರಹಕ್ಕೆ ಬಿಡಲಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು. ಮೈಸೂರು ಸಂಸ್ಥಾನದ ನ್ಯಾಯಾಲಯಗಳೂ ಈ ಮತವನ್ನೇ ಅನುಸರಿಸಿದವು. ಅಪ್ರಾಪ್ತವಯಸ್ಕನ ಪರವಾಗಿ ಬೇರೊಬ್ಬರು ವಾದಮಿತ್ರರಾಗಿ ನಿಂತು ತಂದೆಯ ಮೇಲೆಯೇ ಪಾಲಿನ ದಾವೆ ಹೂಡಬಹುದು. ವಿಭಾಗವು ಮಗುವಿಗೆ ಹಿತವೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಸಾಕು. ಹೆಣ್ಣುಮಕ್ಕಳಿಗೆ ಈ ಜನ್ಮಸಿದ್ಧ ಹಕ್ಕು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶದಾದ್ಯಂತ 2005ರ ತಿದ್ದುಪಡಿಯಿಂದ ದೊರೆಯಿತು. ಆದರೆ ಇಂಥ ದಾವೆಯಿಂದ ಬೇರೆಯಾಗುವುದು ಆಸ್ತಿಯೇ ಹೊರತು ಮಗುವಲ್ಲ ಎಂಬುದನ್ನು ಗಮನಿಸಬೇಕು.

ಮಗುವಿನ ದೇಹ, ವಾಸ, ವಿವಾಹಗಳು ತಂದೆಯ ವಶದಲ್ಲಿಯೇ ಉಳಿದವು. ಅದರಿಂದ ಬಿಡಿಸುತ್ತಿದ್ದುದು ವಯಸ್ಸು. 1875ರ ಅಧಿನಿಯಮವು 18 ವರ್ಷವನ್ನು ಗೊತ್ತುಪಡಿಸಿತು. ನ್ಯಾಯಾಲಯ ನೇಮಿಸಿದ ಪಾಲಕರಿದ್ದವರಿಗೆ 21 ವರ್ಷವೆಂಬ ಭೇದವು 1999ರಲ್ಲಿ ರದ್ದಾಯಿತು. ಹುಡುಗಿಗೆ ಮದುವೆಯೆಂಬ ಇನ್ನೊಂದು ದಾರಿಯಿತ್ತು. ಆದರೆ 1956ರ ಪಾಲಕತ್ವದ ಅಧಿನಿಯಮವು ವಿವಾಹಿತ ಬಾಲಿಕೆಗೆ ಗಂಡನನ್ನೇ ಸಹಜ ಪಾಲಕನೆಂದು ಹೇಳಿತು. ಇದನ್ನು ಬಿಡುಗಡೆ ಎನ್ನಲಾಗದು. ಇದು ಕೇವಲ ಹಸ್ತಾಂತರ.

ಮಗಳನ್ನು ಮದುವೆ ಮಾಡಿಕೊಡುವ ಈ ಅಧಿಕಾರಕ್ಕೆ ಮೈಸೂರು ಸರ್ಕಾರವು 1894ರಲ್ಲಿ, ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ಮಿತಿ ಹಾಕಿತು. 8 ವರ್ಷದೊಳಗಿನ ಹುಡುಗಿಯ ಮದುವೆಯೂ, 14 ವರ್ಷದೊಳಗಿನವಳನ್ನು 50 ವರ್ಷ ಮೀರಿದವನಿಗೆ ಕೊಡುವುದೂ ನಿಷಿದ್ಧವಾದವು. ಹಾಸನ ಸೀಮೆಗೂ ಇದು ಅನ್ವಯಿಸಿತು. ಆದರೂ ಅದು ಹಿರಿಯರನ್ನು ತಡೆಯುವ ಶಾಸನವೇ ಆಗಿತ್ತು. ಬಾಲ್ಯದಲ್ಲಿ ಮದುವೆಯಾದವರೇ ಅದನ್ನು ರದ್ದುಪಡಿಸಿಕೊಳ್ಳುವ ಹಕ್ಕು 2006ರ ಅಧಿನಿಯಮದಲ್ಲಿ ಬಂದಿತು; ಕರ್ನಾಟಕದ 2016ರ ತಿದ್ದುಪಡಿಯು ಅಂಥ ಮದುವೆಯನ್ನು ಮೂಲತಃ ಅಸಿಂಧುವಾಗಿಸಿತು. 2015ರ ಬಾಲನ್ಯಾಯ ಅಧಿನಿಯಮದಂತೆ, ವಯಸ್ಸಿಗೆ ಮೊದಲೇ ಮದುವೆಯಾಗುವ ಅಪಾಯದಲ್ಲಿರುವ ಬಾಲಿಕೆಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯು ಮನೆಯ ಹೊರಗೆ ಆಶ್ರಯ ಕಲ್ಪಿಸಬಹುದು.

ಇದೂ ಪೂರ್ಣ ಸ್ವಾತಂತ್ರ್ಯವಲ್ಲ. ಇಲ್ಲಿ ತಂದೆಯ ಸ್ಥಾನದಲ್ಲಿ ರಾಜ್ಯವು ನಿಲ್ಲುತ್ತದೆ. ಆಸ್ತಿಯಲ್ಲಿ ಮಗುವಿನ ಹಕ್ಕನ್ನು ಒಂಬತ್ತು ಶತಮಾನಗಳ ಹಿಂದೆಯೇ ಒಪ್ಪಿದ ನಾಡು, ಮಗುವಿನ ಇಚ್ಛೆಯನ್ನು ಒಪ್ಪಲು ಇಷ್ಟು ತಡಮಾಡಿತೇಕೆ? ಈ ತಾಲ್ಲೂಕುಗಳ ಹಳೆಯ ಪಾಲಿನ ದಾವೆಗಳನ್ನು ಅಪ್ರಾಪ್ತವಯಸ್ಕರ ಪಕ್ಷದಿಂದ ಓದುವ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಮುಂದುವರಿಸಬೇಕೆಂದು ನಾವು ಆಶಿಸುತ್ತೇವೆ.